ಜನಿವಾರಕ್ಕೆ ಕಟ್ಟಿದ ಪೆನ್ ಡ್ರೈವ್

ಕಂಪ್ಯೂಟರಿಗೆ ಸಾಷ್ಟಾಂಗ ನಮಸ್ಕಾರ ಹಾಕುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಸೋದರಮಾವ! ಭಕ್ತಿ ಗಿಕ್ತಿ ಏನೂ ಅಲ್ಲ. ಅವರ ಪೆನ್ ಡ್ರೈವ್ ಜನಿವಾರಕ್ಕೆ ಕಟ್ಟಿತ್ತು. ಅದನ್ನು ಮೇಜಿನ ಕೆಳಗಿನ ಡಬ್ಬಕ್ಕೆ ಚುಚ್ಚಬೇಕಾದರೆ ಜನಿವಾರದ ಜೊತೆಗೆ ಯಜಮಾನರೂ ನೆಲಕ್ಕೆ ಬಗ್ಗಲೇಬೇಕಲ್ಲ!

"ಬಿಚ್ಚಿ ಕೊಡಿ ಮಾವ, ನಾನು ಹಾಕ್ತೀನಿ" ಎಂದೆ.

"ಬೀರು ಕೀ ನಾನು ರೈಲ್ವೆ ಸೇರಿದಾಗಿಂದ ಇಲ್ಲೇ ಇದೆ. ಯಾವತ್ತಾದ್ರೂ ಕಳೆದಿದೆಯೇನೋ?"

ಇಷ್ಟೆಲ್ಲ ಆರ್ಭಟಕ್ಕೆ ಕಾರಣವಿತ್ತು. ಅತ್ತೆಗೆ ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ಪ್ರಾಣಕ್ಕೆ ಭಯವಿಲ್ಲ, ಆದರೆ ದನಿ ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಅತ್ತೆಯ ದನಿಯೆಂದರೆ ಸಾಮಾನ್ಯವೇ? ಗೌರಿ ಹಬ್ಬಕ್ಕೆ ಅವರು ಹಾಡಲು ಕುಳಿತರೆ ಬೆಸೆಂಟ್ ನಗರದ ನಮ್ಮ ಬೀದಿಯ ತಮಿಳು ಮಾಮಿಯರೆಲ್ಲ ಒಲೆ ಆರಿಸಿ ಬರುತ್ತಿದ್ದರು. ಮಾವ ಕಂಗಾಲಾಗಿ ಅಂಗಡಿ ಅಂಗಡಿ ಸುತ್ತಿ, ಇದ್ದುದರಲ್ಲೇ ಅತಿ ಅಗ್ಗದ ಪೆನ್ ಡ್ರೈವ್ ತಂದರು.

"ಗ್ಯಾರಂಟಿ ಎಲ್ಲಾಂ ಕಿಡೈಯಾದು ಸಾರ್" ಎಂದನಂತೆ ಅಂಗಡಿಯವನು. ಗ್ಯಾರಂಟಿ ಈ ಲೋಕದಲ್ಲಿ ಯಾವುದಕ್ಕಿದೆ ಎಂದು ಇವರು ಅವನಿಗೇ ವೇದಾಂತ ಹೇಳಿ ಬಂದರಂತೆ!

ನಾನು ಅವರ ಮನೆಯಲ್ಲೇ ಇದ್ದವನು. ಪೆರುಂಗುಡಿಯ ಆಫೀಸಿಗೆ ನಾನು ಹೋದ ಹೊತ್ತಿನಲ್ಲಿ ಮಾವ ನಡುಮನೆಯಲ್ಲಿದ್ದ ನನ್ನ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಅತ್ತೆಯ ದನಿ ಹಿಡಿದರು. ಆ ಸಂಜೆ ಸಾಷ್ಟಾಂಗವಾಗಿ ಅದನ್ನು ಪೆನ್ ಡ್ರೈವಿಗೆ ತುಂಬಿದರು. ಕಂಪ್ಯೂಟರಿನಲ್ಲಿದ್ದುದನ್ನು ಪೂರ್ತಿ ಅಳಿಸಿದರು.

"ಅಯ್ಯೋ, ಯಾಕೆ ಮಾವ?"

"ನಿನ್ನ ಮಿಷಿನ್ನಿಗೆ ಯಾವಾಗ ನೋಡಿದ್ರೂ ವೈರಸ್ಸು. ಅಂಥ ಮೈಲಿಗೇಲಿ ಅವಳ ದನಿ ಇರಬೇಕಾ?"

"ಸಿ.ಡಿ.ಲಾದ್ರೂ ಒಂದು ಕಾಪಿ..."

"ಗೀರು ಬೀಳತ್ತೆ!"

ವೈರಸ್ಸಿಗೂ ಮಡಿ ಮೈಲಿಗೆ ಹಚ್ಚಿದವರ ಜೊತೆ ಏನು ವಾದ ಮಾಡುತ್ತೀರಿ? ಹೀಗೆ ಅತ್ತೆಯ ದನಿಯ ಏಕೈಕ ಪ್ರತಿ ಮಾವನ ಹೊಟ್ಟೆಯ ಮೇಲೆ ತೂಗಾಡತೊಡಗಿತು. ಆಪರೇಷನ್ ಆಯಿತು. ಡಾಕ್ಟರು ಹೆದರಿಸಿದಂತೆಯೇ ಆಯಿತು. ಅತ್ತೆಗೆ ಉಳಿದದ್ದು ಉಸಿರಿನಷ್ಟು ಪಿಸುಮಾತು.

ಅಷ್ಟರಲ್ಲಿ ಬಂತು ನೋಡಿ ಸೂರ್ಯಗ್ರಹಣ! ಸಮುದ್ರ ಕಾಲ್ನಡಿಗೆಯ ದೂರದಲ್ಲಿರುವಾಗ ಮಾವ ಬಕೆಟ್ ನೀರಲ್ಲಿ ಮೋಕ್ಷಸ್ನಾನ ಮಾಡುತ್ತಾರೆಯೇ? ಹೋದರು, ಮುಳುಗಿದರು, ಪುಣ್ಯ ಕಟ್ಟಿಕೊಂಡು ಬಂದರು. ಬೀರು ಕೀಯ ಪಕ್ಕದಲ್ಲಿ ಪೆನ್ ಡ್ರೈವಿನಿಂದ ಬಂಗಾಳ ಕೊಲ್ಲಿ ತೊಟ್ಟಿಕ್ಕುತ್ತಿತ್ತು.

ಅತ್ತೆ ಬೈಯಲು ಬಾಯಿ ತೆರೆದರು. ದನಿ ಬರಲಿಲ್ಲ. ಮಾವ ಅವರ ಬೆರಳು ತೋರಿಸಿದ ಕಡೆ ನೋಡಿಕೊಂಡು, ಪೆನ್ ಡ್ರೈವನ್ನು ಉಫ್ ಉಫ್ ಎಂದು ಊದತೊಡಗಿದರು.

ಉಪ್ಪು ಹೋಗಲೆಂದು ಅದನ್ನು ಕುಡಿಯುವ ನೀರಿನಲ್ಲಿ ತೊಳೆದೆವು. ಆಮೇಲೆ ಮಹಡಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಗಲು ಹಾಕಿದೆವು. ಪೆನ್ ಡ್ರೈವನ್ನಲ್ಲ, ಮಾವನನ್ನು! ಜನಿವಾರದಿಂದ ಬಿಚ್ಚಲು ಆಗಲೂ ಒಪ್ಪದೆ, ಅದನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ಮಲಗಿದರು. ಎದುರು ಮಹಡಿಯ ಮಾಮಿ, "ಎನ್ನ ವಡಾಂ ಸಾರ್ ಅದು?" ಎಂದು, ಅದ್ಯಾವ ಸಂಡಿಗೆಯೆಂದು ಕೇಳಿ ನಕ್ಕರು. ಮಾವ ಪೆನ್ ಡ್ರೈವನ್ನು ಎದೆಯ ಮೇಲೆ ಮಗುಚಿ ಹಾಕಿದರು.

ಚೆನ್ನಾಗಿ ಒಣಗಿದ ಮೇಲೆ ತಾವಾಗಿಯೇ ಗಂಟು ಬಿಚ್ಚಿ ನನ್ನ ಕೈಗಿತ್ತರು. "ನೀನೇ ಹಾಕೋ. ನನಗೆ ಕೈ ಬರಲ್ಲ" ಎಂದರು. ಹಾಕಿದೆ. ದೀಪ ಮಿಣುಕಿತು. ಗೌರಿ ಹಾಡಿಗೆಂದು ನಾನು ಕಿವಿಗೊಟ್ಟು ಕುಳಿತೆ.

"ಏನೂಂದ್ರೆ! ಒದ್ದೆ ಟವಲ್ ಮತ್ತೆ ಮಂಚದ ಮೇಲೆ ಹಾಕಿದೀರಾ? ಎಷ್ಟು ಸಲ ಹೇಳೋದು ನಿಮಗೆ?" ಅತ್ತೆಯ ಹಳೆಯ ದನಿಯೇ!

"ಹಾಡೆಲ್ಲಿ ಮಾವ?"

"ಹಾಡು ಹಬ್ಬಕ್ಕೆ ಕಣೋ. ನನಗೆ ದಿನಾ ಬೇಕಾಗಿದ್ದು ಇದು."

"ಸಾರು ಆರ್ತಾ ಇದೆ, ಆ ಪೇಪರ್ ಕೆಳಗಿಟ್ಟು ಊಟಕ್ಕೆ ಬರ್ತೀರೋ ಇಲ್ವೋ?" ಎಂದು ಗದರಿತು ಕಂಪ್ಯೂಟರು.

"ಬಂದೆ ಕಣೇ, ಬಂದೆ!" ಎನ್ನುತ್ತಾ ಮಾವ ಎದ್ದೇಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆ ಹಾಕಿದರು.