ಎರಡು ಬೊಂಬೆ, ಒಂದು ಹಗ್ಗ

ಪಾಠಕ್ಕೆಂದು ನಾನು ಹಗ್ಗ ಕಟ್ಟಿದಲ್ಲೆಲ್ಲ ಯಾರಾದರೊಬ್ಬರು ಎಡವುತ್ತಾರೆ. ಎಡವಿದವರಲ್ಲಿ ಮಕ್ಕಳು ಮಾತ್ರ ಕಡಿಮೆ.

ಹಾವೇರಿ ಕಡೆಯವಳಾದ ನಾನು ತೆಲುಗರ ಮನೆ ಸೇರಿ ವಿಶಾಖಪಟ್ಟಣದಲ್ಲೇ ಮುದುಕಿಯಾದವಳು. ನೌಕಾಪಡೆಯಲ್ಲಿರುವ ಕನ್ನಡಿಗರ ಐದಾರು ಮಕ್ಕಳು ಭಾನುವಾರ ನಮ್ಮ ಮನೆಗೆ ಕನ್ನಡ ಕಲಿಯಲು ಬರುತ್ತಾರೆ. ವಾಕ್ಯ ಕಟ್ಟುವುದನ್ನು ಕಲಿಸಲು ನನ್ನದೊಂದು ಉಪಾಯ ಉಂಟು. ಕೊಂಡಪಲ್ಲಿಯ ಎರಡು ಮರದ ಬೊಂಬೆಗಳ ನಡುವೆ ಬಟ್ಟೆ ಒಣಹಾಕುವ ಹಾಗೆ ಒಂದು ಹಗ್ಗ. ಎಡಗಡೆ ಬೊಂಬೆ ‘ಯಾರು’, ಬಲಗಡೆಯದು ‘ಏನು ಮಾಡಿದರು’. ಎಲ್ಲಿ, ಯಾವಾಗ, ಯಾರ ಜೊತೆ ಎಂಬುದೆಲ್ಲ ಚೀಟಿಯಾಗಿ ಕ್ಲಿಪ್ಪಿನಿಂದ ನಡುವೆ ನೇತಾಡಬೇಕು. ಎಲ್ಲರೂ ಒಟ್ಟಿಗೇ ಕಿರುಚುತ್ತಾರೆಂದು ಒಂದು ನಿಯಮವನ್ನೂ ಮಾಡಿದ್ದೆ: ಒಬ್ಬರು ವಾಕ್ಯ ಮುಗಿಸಿ ಬಲಗಡೆ ಬೊಂಬೆ ಇಡುವವರೆಗೆ ಇನ್ನೊಬ್ಬರು ಬಾಯಿ ತೆರೆಯಬಾರದು.

ಅಪ್ಪ ಎಲ್ಲಿ?

‘ನಿಮ್ಮ ಮನೆಯಲ್ಲಿ ಬೆಳಿಗ್ಗೆ ಯಾರು ಏನು ಮಾಡುತ್ತಾರೆ? ಹತ್ತು ವಾಕ್ಯಗಳಿಗೆ ಬೊಂಬೆ, ಹಗ್ಗದ ಚಿತ್ರ ಬರೆದು ತನ್ನಿ’ ಎಂದಿದ್ದೆ. ಒಬ್ಬಳ ಪುಸ್ತಕದಲ್ಲಿ ಎಡಗಡೆ ಹತ್ತೂ ಬೊಂಬೆ ಅಮ್ಮನೇ. ಅಪ್ಪ ಒಂಬತ್ತನೆಯ ಹಗ್ಗದ ನಡುವೆ ಚೀಟಿಯಾಗಿ ನೇತಾಡುತ್ತಿದ್ದ: ಅಮ್ಮ ಅಪ್ಪನನ್ನು ಎಬ್ಬಿಸಿದಳು.

ಮಗಳನ್ನು ಕರೆದೊಯ್ಯಲು ಬಂದ ಅಪ್ಪ ಅದನ್ನು ನೋಡಿಬಿಟ್ಟರು. “ಏನಮ್ಮಾ ಇದು? ಹಡಗಿನಲ್ಲಿ ನಾನು ಎಷ್ಟು ಜನಕ್ಕೆ ಆರ್ಡರ್ ಕೊಡ್ತೀನಿ ಗೊತ್ತಾ?”

ಮುಂದಿನ ವಾರ ಹುಡುಗಿ ಹೊಸ ಚಿತ್ರ ತಂದಳು. ಎಡಗಡೆ ಅಪ್ಪ, ಬಲಗಡೆ ‘ಟೀ ಮಾಡಿದರು’. ನಡುವೆ ಐದು ಚೀಟಿ: ಅಮ್ಮನನ್ನು ಕೇಳಿ, ಸಕ್ಕರೆ ಡಬ್ಬಿ ಹುಡುಕಿ, ಮತ್ತೆ ಅಮ್ಮನನ್ನು ಕೇಳಿ, ಹಾಲು ಉಕ್ಕಿಸಿ, ಕೊನೆಗೆ ಅಮ್ಮನನ್ನೇ ಕರೆದು.

ಒದ್ದೆ ವಾಕ್ಯ

ನನ್ನ ಮಗನ ಸಂಸಾರ ವಿಜಯವಾಡದಲ್ಲಿ. ಹತ್ತು ವರ್ಷದ ಮೊಮ್ಮಗಳದು ಅಪ್ಪಟ ತೆಲುಗು. ನನ್ನನ್ನು ಕರೆಯುವುದೂ ತೆಲುಗಿನಲ್ಲೇ, ‘ನಾನಮ್ಮ’ ಎಂದು, ಅಂದರೆ ಅಪ್ಪನ ಅಮ್ಮ. ಊರಿನಲ್ಲಿರುವ ನನ್ನ ಅಕ್ಕ ಈ ಸಲ ಭಾವನ ಜೊತೆ ವಿಜಯವಾಡಕ್ಕೆ ಹೊರಟಳು, ಆದರೆ ಫೋನಿನಲ್ಲಿ ಖಡಕ್ಕಾಗಿ ಹೇಳಿದಳು: “ಆ ಹುಡುಗಿ ನನ್ನ ಕೂಡ ಕನ್ನಡದಾಗ ಮಾತಾಡಿದ್ರ ನಾಕ ದಿನ ಇರ್ತೀನಿ. ಇಲ್ಲಂದ್ರ ಮರುದಿನಾನ ಗಾಡಿ ಹತ್ತತೀನಿ.”

ಅಕ್ಕ ನಮ್ಮ ಕಡೆ ಬಂದು ಹನ್ನೆರಡು ವರ್ಷವಾಗಿತ್ತು. ತಕ್ಷಣ ಮೊಮ್ಮಗಳಿಗೆ ಇನ್ನೊಂದು ಜೋಡಿ ಬೊಂಬೆ, ದೊಡ್ಡದೊಂದು ಹಗ್ಗದ ಉಂಡೆ ಕೊಡಿಸಿ, ದಿನಾ ವಿಡಿಯೋ ಕಾಲಿನಲ್ಲಿ ಪಾಠ ಶುರು ಮಾಡಿದೆ.

ಒಂದು ದಿನ ಅವಳೇ ಫೋನ್ ಮಾಡಿದಳು. “ನಾನಮ್ಮ, ಇವತ್ತು ಪಾಠ ಇಲ್ಲ.”

“ಯಾಕವಾ?”

“ವಾಕ್ಯದ ಮೇಲೆ ಅಮ್ಮ ಕರ್ಚೀಫು ಒಣಹಾಕಿದ್ದಾರೆ.”

ಹಿಂದಿನಿಂದ ಸೊಸೆಯ ದನಿ ಬಂತು: “ಅತ್ತಯ್ಯಾ, ಆರು ಗಂಟೆಗೆ ಮಾಡಿ, ಅಷ್ಟರಲ್ಲಿ ಒಣಗುತ್ತೆ!”

ದೊಡ್ಡಜ್ಜಿಯ ಬೊಂಬೆ

ಅಕ್ಕ, ಭಾವ ಬರುವ ದಿನ ನಾನೂ ವಿಜಯವಾಡಕ್ಕೆ ಹೋದೆ. ಅಕ್ಕ ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಪ್ರಯಾಣದ ಕಥೆ ಶುರು ಮಾಡಿದಳು. ಮೊಮ್ಮಗಳು ಒಂದು ಬೊಂಬೆಗೆ ಹಗ್ಗ ಕಟ್ಟಿ ಅವಳ ಕಾಲ ಹತ್ತಿರ ಇಟ್ಟು, ಇನ್ನೊಂದನ್ನು ಹಗ್ಗದ ಉಂಡೆಯ ಜೊತೆ ಕೈಯಲ್ಲಿ ಹಿಡಿದು ನಿಂತಳು.

“ರೈಲಿನ್ಯಾಗ ಎದುರಿಗೆ ಕುಂತಾಕಿ ಬುತ್ತಿ ಬಿಚ್ಚಿ, ಅದರಾಗಿನ ಚಟ್ನಿ ಚೆಲ್ಲಿ, ಅದು ನನ್ನ ಸೀರಿಗೆ ಹತ್ತಿ, ನಾ ತೊಳಕೊಳ್ಳಾಕ ಹೋಗಿ, ಅಲ್ಲಿ ನೀರ ಇಲ್ದ, ಇವರನ್ನ ಎಬ್ಬಿಸಿ...”

ಹುಡುಗಿ ಹಗ್ಗ ಬಿಡುತ್ತಾ ಹಿಂದೆ ಹಿಂದೆ ಸರಿದಳು. ತುಟಿ ಮಾತ್ರ ಬಿಚ್ಚಲಿಲ್ಲ. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಉಹುಂ. ನಾಳೆಯೇ ಅಕ್ಕ ಗಾಡಿ ಹತ್ತುವುದು ಖಂಡಿತ.

ಕಥೆ ರೈಲಿನಿಂದಿಳಿದು ಆಟೋ ಹತ್ತುವ ಹೊತ್ತಿಗೆ ಹುಡುಗಿ ಅಡುಗೆಮನೆ ದಾಟಿ ಹಿಂಬಾಗಿಲು ಮುಟ್ಟಿದ್ದಳು. ಅಲ್ಲಿಂದಲೇ ಅಳುದನಿಯಲ್ಲಿ ಕೂಗಿದಳು:

“ನಾನಮ್ಮ, ದೊಡ್ಡಜ್ಜಿಯ ಎರಡನೇ ಬೊಂಬೆಯನ್ನು ನಾನು ಎಲ್ಲಿ ಇಡಲಿ? ಹಗ್ಗ ಮುಗಿದುಹೋಯಿತು!”

ಅಕ್ಕ ಕುರ್ಚಿಯಿಂದಲೇ ಹಿಂಬಾಗಿಲ ಕಡೆ ತಿರುಗಿದಳು. ನಾನು ಪಾಠದ ನಿಯಮ ವಿವರಿಸಿದೆ. ಅವಳು ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಷ್ಟ ಚಂದ ಮಾತಾಡ್ತದ ಕೂಸು! ಇರೋಣ್ರಿ, ನಾಕಲ್ಲ, ಎಂಟ ದಿನ ಇರೋಣು.”

ಬಂದಾಗಿನಿಂದ ತುಟಿ ಪಿಟಕ್ಕೆನ್ನದೆ ಕೂತಿದ್ದ ಭಾವ ನಿಧಾನವಾಗಿ ಎದ್ದು, ಹಗ್ಗ ದಾಟಿ ಹಿಂಬಾಗಿಲಿಗೆ ಹೋಗಿ ಹುಡುಗಿಯ ಮುಂದೆ ಕೈಯೊಡ್ಡಿದರು.

“ಇಲ್ಲಿ ಕೊಡವಾ ಅದನ್ನ. ಐವತ್ತ ವರ್ಷದಿಂದ ಹಿಡಕೊಂಡ ನಿಂತು ನನಗ ರೂಢಿ ಐತಿ.”