ಬಿದಿರಿನ ಲಂಗೋಟಿ

ಊಟದ ಹೊತ್ತಿಗೆ ಕಾಶಿನಾಥ ಬಾಯಿ ಮುಚ್ಚಿಕೊಂಡು ನೀರ್ದೋಸೆ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಗುವಿನ ಡೈಪರ್ ಬದಲಿಸಿ ಸುಸ್ತಾಗಿ ಬಂದು ಕೂತ ಹೆಂಡತಿಯನ್ನು ಕಂಡು ಅವನ ನಾಲಿಗೆ ತುರಿಸಿತು.

"ಒಂದು ಲಂಗೋಟಿ ಕಟ್ಟುವುದಕ್ಕೆ ಇಷ್ಟು ಗಲಾಟೆ ಎಂತದು ಮಾರಾಯ್ತಿ? ನಮ್ಮನ್ನೆಲ್ಲ ಹರಿದ ಪಂಚೆಯ ತುಂಡಿನಲ್ಲೇ ಸಾಕಿದ್ದಲ್ವಾ?"

ಸೌಮ್ಯಾ ದೋಸೆ ಮುರಿಯುವುದನ್ನು ನಿಲ್ಲಿಸಿದಳು. ಹೆರಿಗೆ ರಜೆ ಮುಗಿದು ಮರುದಿನ ಅವಳು ಕಾಂದಿವಲಿಯ ಮನೆಯಿಂದ ವಿಕ್ರೋಳಿಯ ಆಫೀಸಿಗೆ ಹೊರಡಬೇಕಿತ್ತು. ಮಗು ನೋಡಿಕೊಳ್ಳಲು ಗೊತ್ತುಮಾಡಿದ್ದ ಹೆಂಗಸು ಬರುವುದು ಒಂದು ದಿನ ತಡವಾಗಿದ್ದರಿಂದ ಕಾಶಿನಾಥ ರಜೆ ಹಾಕಿದ್ದ.

"ಹೌದಾ? ಹಾಗಾದ್ರೆ ನಾಳೆ ಇಡೀ ದಿನ ಬಟ್ಟೆಯದ್ದೇ ಹಾಕಿ ನೋಡಿ. ಅಂಗಡಿಯದ್ದು ಮುಟ್ಟಬಾರದು. ಸೋತರೆ ರಾತ್ರಿ ಮಗು ಎದ್ದಾಗಲೆಲ್ಲ ಏಳುವುದು ನೀವು. ಒಪ್ಪಿಗೆಯಾ?"

"ಒಪ್ಪಿಗೆ," ಎಂದ ಕಾಶಿನಾಥ, ಯುದ್ಧಕ್ಕೆ ಮೊದಲೇ ವಿಜಯೋತ್ಸವ ಮುಗಿಸಿದ ರಾಜನಂತೆ.

ಈ ಬಟ್ಟೆ ಡೈಪರ್ ಮನೆಗೆ ಬಂದದ್ದು ಸೌಮ್ಯಾಳ ಸಹೋದ್ಯೋಗಿ ನಿಖಿತಾಳ ಕೃಪೆಯಿಂದ. ಭೂಮಿತಾಯಿಯ ಮೇಲೆ ಪ್ಲಾಸ್ಟಿಕ್ ಹೊರೆ ಹೇರಬಾರದು ಎಂದು ಅವಳು ಫೋನಿನಲ್ಲಿ ಉಪದೇಶಿಸಿದ್ದಳು. ನಿಖಿತಾಳಿಗೆ ಮಕ್ಕಳಿರಲಿಲ್ಲ, ಉಪದೇಶಕ್ಕೆ ಅದೇ ಮುಖ್ಯ ಅರ್ಹತೆ. ಆಮೇಲೆ ಗಂಡ ಹೆಂಡಿರು ಹತ್ತಿಯದೋ ಬಿದಿರಿನದೋ, ಜೇಬಿನದೋ ಜೇಬಿಲ್ಲದ್ದೋ ಎಂದು ವಾರಗಟ್ಟಲೆ ಚರ್ಚಿಸಿದರು. ಮದುವೆಗೆ ಜಾತಕ ನೋಡುವಾಗಲೂ ಅಷ್ಟು ವಿಚಾರಣೆ ನಡೆದಿರಲಿಲ್ಲ. ಕೊನೆಗೆ ಆನೆ ಚಿತ್ರವಿರುವ, ಬಿದಿರು ನಾರಿನ ಒಳಪದರದ ಸೆಟ್ಟು ಬಂತು.

ಬೆಳಿಗ್ಗೆ ಸೌಮ್ಯಾ ಹೊರಡುವಾಗ ಒಂದೇ ಉಸಿರಿನಲ್ಲಿ ಹೇಳಿದಳು: "ಚಡ್ಡಿಯ ಜೇಬಿನೊಳಗೆ ಬಿದಿರಿನ ಪದರ ತುರುಕಲು ಮರೀಬೇಡಿ. ಒಗೆಯುವಾಗ ಬಟ್ಟೆ ಮೆತ್ತಗಾಗುವ ಆ ಪರಿಮಳದ ನೀರು ಹಾಕಬೇಡಿ. ಕೇಳಿತಾ?"

"ಕೇಳಿತು," ಎಂದ ಕಾಶಿನಾಥ. ಕಿವಿಯಲ್ಲಿ ಕ್ರಿಕೆಟ್ ಸುದ್ದಿ ನಡೆಯುತ್ತಿತ್ತು.

ಮೊದಲ ಡೈಪರಿಗೆ ಇದ್ದ ಗುಂಡಿಗಳ ಸಾಲು ನೋಡಿ ಅವನಿಗೆ ಹಾರ್ಮೋನಿಯಂ ನೆನಪಾಯಿತು. ಎಲ್ಲಿ ಒತ್ತಿದರೂ ಮಗು ಒಂದೊಂದು ಸ್ವರ ಹೊರಡಿಸಿತು. ಹೇಗೋ ಕಟ್ಟಿದಾಗ ಆನೆಯ ಮುಖ ಹಿಂದಕ್ಕೂ ಬಾಲ ಮುಂದಕ್ಕೂ ಬಂದಿತ್ತು. ಇರಲಿ, ಆನೆಗೇನು ದಿಕ್ಕು ಎಂದುಕೊಂಡ.

ಅಷ್ಟರಲ್ಲಿ ಎದುರು ಮನೆಯ ಅಣವೀರಪ್ಪನವರು ಬಂದರು. ವಿಜಯಪುರದ ಕಡೆಯವರು. ಬೊರಿವಲಿಯಲ್ಲಿ ಸಂಬಂಧಿಕರ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಹಾಲಿನಂಥ ಧೋತರ, ಹೆಗಲ ಮೇಲೆ ಜರಿಯ ಶಲ್ಯ.

"ಬಾರವ್ವಾ ನನ್ನ ಲಕ್ಷ್ಮೀ! ಶುಭಕಾರ್ಯಕ್ಕ ಹೊಂಟೇನಿ, ನಿನ್ನ ಮಾರಿ ನೋಡಿ ಹೋಗ್ತೀನಿ," ಎಂದು ಮಗುವನ್ನು ಎತ್ತಿ ಎದೆಗೊತ್ತಿಕೊಂಡರು.

ಲಕ್ಷ್ಮಿ ತಡಮಾಡದೆ ಒಲಿದಳು. ಎದೆಯಿಂದ ಹೊರಟ ಧಾರೆ ಧೋತರದ ನಿರಿಗೆಗಳಲ್ಲಿ ಸುತ್ತಾಡಿ ಚಪ್ಪಲಿಯವರೆಗೆ ತಲುಪಿತು. ಅಣವೀರಪ್ಪನವರು ಮಗುವನ್ನು ವಾಪಸು ಕೊಟ್ಟು, ಕಾಲು ಅಗಲಿಸಿಕೊಂಡು ಮನೆಗೆ ನಡೆದರು. ಅವರ ಹೆಂಡತಿ ಭಾಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ತಮ್ಮಾ, ಆ ಬಣ್ಣದ ಚಡ್ಡ್ಯಾಗ ಏನ್ ತುಂಬೀರಿ? ಬರೇ ಗಾಳಿ ತುಂಬೀರೇನು?"

ಕಾಶಿನಾಥ ಮೇಜಿನ ಕಡೆ ನೋಡಿದ. ಬಿದಿರಿನ ಪದರ ಅಲ್ಲೇ ಮಡಿಕೆ ಮುರಿಯದೆ ಕೂತಿತ್ತು.

"ನಮ್ಮ ಮನ್ಯಾಗ ಮೆತ್ತಗಿನ ಹಳೇ ಧೋತರ ಐತಿ, ಹರಿದು ಕೊಡ್ತೀನಿ. ನಮ್ಮ ಹುಡುಗ್ರು ಎಲ್ಲಾ ಅದರಾಗ ಬೆಳದ್ವು."

"ಬೇಡ ಅಕ್ಕಾ, ಇದು ಬಿದಿರಿನದ್ದು," ಎಂದ ಕಾಶಿನಾಥ ಸ್ವಲ್ಪ ಬಿಗುಮಾನದಿಂದ.

"ಬಿದಿರಿಂದು? ಬುಟ್ಟಿ ಹೆಣೀತಾರಲ್ಲ, ಅದಾ?" ಭಾಗವ್ವ ಮಗುವನ್ನು ಕರುಣೆಯಿಂದ ನೋಡಿ ಹೋದರು.

ಹಿಂದಿನ ದಿನ ಹರಿದ ಪಂಚೆಯ ಗುಣಗಾನ ಮಾಡಿದ್ದವನು, ಬಾಗಿಲಿಗೆ ಬಂದ ಪಂಚೆಯನ್ನು ಹಾಗೆ ಕಳಿಸಿದ. ಆಮೇಲೆ ಪದರ ಹಾಕಿಯೇ ಕಟ್ಟಿದ. ಆದರೆ ಪುಟ್ಟಿಗೆ ಅಂದು ಉತ್ಸಾಹ ಬಹಳ. ಒಂದರ ಹಿಂದೆ ಒಂದು ಒದ್ದೆಯಾದವು. ಒದ್ದೆಯಾದವನ್ನು ಎಸೆದ ಬುಟ್ಟಿಯ ವಾಸನೆ ಹಜಾರಕ್ಕೂ ಬಂದಾಗ, ಎಲ್ಲ ಸೇರಿಸಿ ಒಂದೇ ಸಲ ಒಗೆದುಬಿಡೋಣ ಎಂದು, ಕಪಾಟಿನಲ್ಲಿದ್ದ ಒಣಗಿದವನ್ನೂ ಮಷೀನಿಗೆ ತುಂಬಿದ. ಕೈಗೆ ಸಿಕ್ಕಿದ ಪರಿಮಳದ ನೀರನ್ನು ಧಾರಾಳವಾಗಿ ಸುರಿದ. ತೆಗೆದಾಗ ಲಂಗೋಟಿಗಳು ಮದುವೆ ಮಂಟಪದಂತೆ ಘಮಘಮಿಸುತ್ತಿದ್ದವು.

ಒಂದನ್ನು ಇಸ್ತ್ರಿಯಲ್ಲಿ ಒಣಗಿಸಿ ತೊಡಿಸಿದ. ಪತ್ರೊಡೆಯ ಕೆಸುವಿನೆಲೆಯ ಮೇಲೆ ನೀರು ಜಾರುವಂತೆ ಎಲ್ಲವೂ ಜಾರಿ ಅವನ ತೊಡೆಗೆ ಇಳಿಯಿತು. ಆ ಪರಿಮಳದ ನೀರು ಬಟ್ಟೆಯ ಹೀರುವ ಗುಣವನ್ನೇ ಕೆಡಿಸುತ್ತದೆ ಎಂಬ ಸತ್ಯವನ್ನು ಮೊಬೈಲು ಆಗ ತೋರಿಸಿತು. ಜ್ಞಾನ ಯಾವಾಗಲೂ ಹಾಗೆಯೇ, ಒದ್ದೆಯಾದ ಮೇಲೆ ಬರುತ್ತದೆ.

ಉಳಿದವನ್ನು ಕಿಟಕಿಯ ಗ್ರಿಲ್ಲಿಗೆ ಹರವಿದ. ಗಾಳಿ ಬೀಸಿತು. ಒಂದು ಆನೆ ರೆಕ್ಕೆ ಬಂದಂತೆ ಹಾರಿತು. ಕೆಳಗೆ ಅಂಗಳದಲ್ಲಿ ಸೊಸೈಟಿಯ ಸೆಕ್ರೆಟರಿ ಮ್ಹಾತ್ರೆ, ಕಿಟಕಿಯಲ್ಲಿ ಬಟ್ಟೆ ಒಣಹಾಕಬಾರದು ಎಂಬ ನೋಟಿಸನ್ನು ಗೋಡೆಗೆ ಅಂಟಿಸುತ್ತಿದ್ದರು. ಆನೆ ಅವರ ಬೋಳು ತಲೆಯ ಮೇಲೆ ಅಂಬಾರಿ ಇಳಿಸಿತು.

ಮ್ಹಾತ್ರೆ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಮೇಲೆ ಬಂದರು. ನೋಟಿಸಿನ ಮಾತೇ ಎತ್ತಲಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ ಉತ್ತರ.

"ಕಾಶಿನಾಥ್ ಭಾವೂ, ಸಚ್ ಬೋಲೋ. ಧುಲಾ ಹುವಾ ಹೈ ಕ್ಯಾ?"

ತೊಳೆದದ್ದೇ ಎಂದು ಕಾಶಿನಾಥ ಆಣೆ ಮಾಡಿದ. ಮ್ಹಾತ್ರೆಗೆ ನಂಬಿಕೆ ಬರಲಿಲ್ಲ. ಕೊನೆಗೆ ಅವನು ಅದನ್ನು ಮೂಗಿಗೆ ಹಿಡಿದು, ದೀರ್ಘವಾಗಿ ಉಸಿರೆಳೆದು, ನಗುಮುಖದಿಂದ ಬಿಡಬೇಕಾಯಿತು. ಮೆಟ್ಟಿಲಿನಲ್ಲಿ ನಿಂತ ಮೂರನೇ ಮಹಡಿಯವರೆಲ್ಲ ಆ ಪ್ರಾಣಾಯಾಮವನ್ನು ನೋಡಿದರು. ಮ್ಹಾತ್ರೆ ಮಾತ್ರ ಸ್ನಾನಕ್ಕೆ ಓಡಿದರು.

ಬಾಗಿಲು ಹಾಕಿದ ಕಾಶಿನಾಥ ಒಳಗೆ ನೋಡಿದ. ಒಣಗಿದ ಒಂದೇ ಒಂದು ಲಂಗೋಟಿ ಇಲ್ಲ. ಹಾಸಿಗೆ, ಸೋಫಾ, ಅವನ ಎರಡು ಲುಂಗಿ, ಎಲ್ಲಕ್ಕೂ ಪುಟ್ಟಿಯ ಮೊಹರು ಬಿದ್ದಿತ್ತು. ಸೋತರೆ ಏಳಬೇಕಾದ ರಾತ್ರಿಗಳೆಲ್ಲ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕಳ್ಳನಂತೆ ಹಿಂದಿನ ಗೇಟಿನಿಂದ ಮೆಡಿಕಲ್ ಅಂಗಡಿಗೆ ಓಡಿದ.

ಅಂಗಡಿಯ ಡೈಪರ್ ತೊಡಿಸಿದ ಕೂಡಲೇ ಮನೆಯಲ್ಲಿ ಶಾಂತಿ ನೆಲೆಸಿತು. ಪುಟ್ಟಿ ನಿದ್ದೆಹೋದಳು, ಅವನೂ ಹೋದ. ಸಂಜೆಯ ಹೊತ್ತಿಗೆ ನೆಲ ಒರೆಸಿ, ಸಾಕ್ಷ್ಯಗಳನ್ನೆಲ್ಲ ಕಪ್ಪು ಚೀಲದಲ್ಲಿ ಕಟ್ಟಿ ಕಸದ ಡಬ್ಬಕ್ಕೆ ಒಪ್ಪಿಸಿ, ಒಣಗಿದ್ದ ಲಂಗೋಟಿಗಳನ್ನು ಸೀರೆ ಅಂಗಡಿಯವರಂತೆ ಮಡಿಸಿಟ್ಟ. ಬೆಲ್ ಆಗುವ ಮುಂಚೆ ಮಗುವಿಗೂ ಒಂದು ತೊಡಿಸಿ ಎತ್ತಿಕೊಂಡು ನಿಂತ.

ವಿಕ್ರೋಳಿಯಿಂದ ಬಸ್ಸು, ಲೋಕಲ್ಲು ಹಿಡಿದು ಬೆವರಿ ಬಂದ ಸೌಮ್ಯಾ, ಬಾಗಿಲಲ್ಲೇ ನಿಂತಳು. ಮಡಿಸಿದ ರಾಶಿ ನೋಡಿದಳು. ಮಗುವಿನ ಒಣ ಲಂಗೋಟಿ ಮುಟ್ಟಿದಳು. ಸೋಫಾದ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡಳು. ಸಿಕ್ಕಿಬಿದ್ದೆ ಎಂದುಕೊಂಡ ಕಾಶಿನಾಥ.

"ಒಂದು ಮಾತು ಹೇಳ್ತೇನೆ, ಬೈಬೇಡಿ," ಎಂದಳು ಸೌಮ್ಯಾ. "ಇಷ್ಟು ದಿನ ನಾನು ಇದನ್ನು ಹಾಕಿದ್ದು ನೀವು ಮನೆಯಲ್ಲಿದ್ದಾಗ ಮಾತ್ರ. ನೀವು ಆಫೀಸಿಗೆ ಹೋದದ್ದೇ ಅಂಗಡಿಯದ್ದು ಹಾಕ್ತಿದ್ದೆ. ನನ್ನಿಂದ ಆಗ್ತಿರ್ಲಿಲ್ಲ. ಇವತ್ತು ನೀವೂ ಸೋತು ಕೂತಿರ್ತೀರಿ, ಇಬ್ಬರೂ ನಕ್ಕು ಇದನ್ನು ಬಿಟ್ಟುಬಿಡುವಾ ಅಂತ ಬಸ್ಸಿನಲ್ಲಿ ಯೋಚಿಸಿಕೊಂಡೇ ಬಂದೆ. ನಿಖಿತಾಳ ನಾದಿನಿಗೆ ಈ ಸೆಟ್ಟು ಬೇಕಂತೆ, ಕೊಡ್ತೇನೆ ಅಂತಲೂ ಹೇಳಿದ್ದೆ."

ಕಾಶಿನಾಥನ ಎದೆ ಹೂವಿನಷ್ಟು ಹಗುರಾಯಿತು. "ಅಯ್ಯೋ, ಅದಕ್ಕೆಂತ ಸೌಮ್ಯಾ! ಕೊಟ್ಟುಬಿಡುವಾ! ನಿಜ ಹೇಳಬೇಕೆಂದರೆ ನಾನೂ..."

"ಬೇಡ!" ಸೌಮ್ಯಾ ಅವನ ಕೈ ಹಿಡಿದಳು. "ನನ್ನ ಸಮಾಧಾನಕ್ಕೆ ಹಾಗೆ ಹೇಳಬೇಡಿ. ಬೆಳಿಗ್ಗೆ ನಿಮಗೆ ಶಾಪ ಹಾಕಿ ಹೋದೆ, ಈಗ ನನಗೇ ನಾಚಿಕೆ ಆಗ್ತದೆ. ಇದು ಕೈಗುಣ. ಕೆಲವರಿಗೆ ಮಾತ್ರ ಇರ್ತದೆ. ಇನ್ನು ಹಗಲಾಗಲಿ ರಾತ್ರಿಯಾಗಲಿ, ಈ ಕೆಲಸ ನಿಮ್ಮದೇ. ನಾನು ನಡುವೆ ಕೈಹಾಕಿ ಹಾಳು ಮಾಡುವುದಿಲ್ಲ."

ಸತ್ಯ ಹೇಳಲು ಕಾಶಿನಾಥ ರಾತ್ರಿ ಊಟದ ಮೇಲೆ ಇನ್ನೊಮ್ಮೆ ಬಾಯಿ ತೆರೆದ. ಅಷ್ಟರಲ್ಲಿ ಸೌಮ್ಯಾ ಅವನ ಕೈಗುಣದ ಸುದ್ದಿಯನ್ನು ಗೆಳತಿಯರಿಗೆಲ್ಲ ಮುಟ್ಟಿಸಿ, ವಿಡಿಯೋ ಕರೆಯಲ್ಲಿದ್ದ ಫೋನನ್ನು ಅವನ ಮುಖಕ್ಕೆ ಹಿಡಿದಿದ್ದಳು. ಪರದೆಯ ಮೇಲೆ ಕಾಂದಿವಲಿಯ ಕನ್ನಡ ಸಂಘದ ಮಹಿಳಾ ವಿಭಾಗ ಚೌಕ ಚೌಕವಾಗಿ ನಗುತ್ತಿತ್ತು. ಅಧ್ಯಕ್ಷೆ ವಸಂತಿ ಪೆನ್ನು ಹಿಡಿದು ಸಿದ್ಧವಾಗಿದ್ದರು.

"ಕಾಶಿನಾಥರೇ, ನಮ್ಮ ಗಂಡಂದಿರನ್ನೂ ಕರೆದು ಕೂರಿಸಿದ್ದೇವೆ ಮಾರಾಯ್ರೆ. ಮೊದಲಿಂದ ಹೇಳಿ."

ಚೌಕಗಳ ಮೂಲೆಗಳಲ್ಲಿ ಕೂತ ಗಂಡಂದಿರು ಅವನನ್ನು ಕೊಲ್ಲುವಂತೆ ನೋಡುತ್ತಿದ್ದರು.

ಕಾಶಿನಾಥ ಗಂಟಲು ಸರಿಮಾಡಿಕೊಂಡ.

"ಇದರಲ್ಲಿ ಮುಖ್ಯವಾದದ್ದು," ಎಂದ, "ತಾಳ್ಮೆ."