ತೇಲುವ ಕಟ್ಟೆ

ಸಮುದ್ರ ಎಷ್ಟೇ ಏರಿದರೂ ಮುಳುಗದ ಬಂದರುಗಳ ನಕ್ಷೆ ಬರೆಯುವ ವಿಕ್ರಾಂತನಿಗೆ ಬೋರಗಾಂವದ ಮಾವನ ಮನೆಯಲ್ಲಿ ಕವಡೆ ಕಾಸಿನ ಬೆಲೆ ಇರಲಿಲ್ಲ. "ನಮ್ಮ ಅಳಿಯಾರು ಸಮುದ್ರದ ದಂಡಿಗಿ ಕುಂತಿರ್ತಾರ" ಎಂದೇ ಮಾವ ಆಬಾಸಾಹೇಬರು ಬಂದವರಿಗೆ ಪರಿಚಯಿಸುತ್ತಿದ್ದರು. ಹೆಂಡತಿ ತ್ರಿಶಲಾ ನಗುತ್ತಿದ್ದಳು. ಆ ನಗು ಅವನಿಗೆ ನಾಟಿತ್ತು.

ಅದಕ್ಕೇ ಈ ಮಳೆಗಾಲ ದೂಧಗಂಗೆಯ ದಂಡೆಯಲ್ಲಿ ಪ್ಲಾಸ್ಟಿಕ್ ಬ್ಯಾರಲ್ ಜೋಡಿಸಿ ತೇಲುವ ಕಟ್ಟೆ ಮಾಡಿ, ಮಾವನ ನೀರೆತ್ತುವ ಮೋಟಾರನ್ನು ಅದರ ಮೇಲೆ ಕೂರಿಸಿದ. ಹೊಳೆ ಏರಿದಂತೆ ಕಟ್ಟೆಯೂ ಏರುತ್ತದೆ, ದೊಡ್ಡ ಬಂದರುಗಳಲ್ಲೂ ಹೀಗೇ ಎಂದು ಊರಿಗೆಲ್ಲ ಪಾಠ ಹೇಳಿದ.

ಒಂದು ಬೆಳಿಗ್ಗೆ ಹೊಳೆ ಕೆಂಪಾಗಿ ಉಬ್ಬಿತು. ಊರವರು ತಮ್ಮ ಮೋಟಾರು ಕಿತ್ತು ಟ್ರ್ಯಾಕ್ಟರಿಗೆ ಹೇರತೊಡಗಿದರು. ಪಕ್ಕದ ಮನೆಯ ರಾಮವ್ವ ದಂಡೆಯಲ್ಲಿ ಕಟ್ಟಿದ್ದ ಯಾರ್ಯಾರದೋ ಎಮ್ಮೆಗಳ ಹಗ್ಗ ಬಿಚ್ಚುತ್ತ ಓಡಾಡುತ್ತಿದ್ದಳು.

"ಅಳಿಯಾರ, ನಮ್ದೂ ಎತ್ತಿಸೂಣೇನ್ರಿ?"

"ಬ್ಯಾಡ್ರಿ ಮಾಮಾ. ಅದು ತಾನ ಏರತೈತಿ."

ನಿಜಕ್ಕೂ ಏರಿತು. ಮಾವ ಫೋನಿನಲ್ಲಿ ವಿಡಿಯೊ ತೆಗೆದು ನಿಪ್ಪಾಣಿಯ ಬೀಗರಿಗೆ ಕಳಿಸಿದರು. ವಿಕ್ರಾಂತ ಹಗ್ಗ ಸಾಕಷ್ಟು ಸಡಿಲ ಬಿಟ್ಟು ಬೇವಿನ ಮರಕ್ಕೆ ಕಟ್ಟಿ, ಮದುಮಗನ ಗತ್ತಿನಲ್ಲಿ ಚಹಾಕ್ಕೆ ಹೋದ.

ಮರಳಿದಾಗ ಮರವಿತ್ತು, ಕಟ್ಟೆ ಇರಲಿಲ್ಲ.

"ನಾನ ಬಿಚ್ಚಿನ್ರಿ," ಎಂದಳು ರಾಮವ್ವ ಸಮಾಧಾನವಾಗಿ. "ಹೊಳಿ ಬಂದಾಗ ಕಟ್ಟಿದ್ದು ಸಾಯತೈತಿ. ಯಾರ್ದರ ಇರಲಿ, ಬಿಚ್ಚಬೇಕು."

ಅದು ಆ ದಂಡೆಯ ರೂಢಿ. ಬಿಚ್ಚಿದ ಜೀವ ಉಳಿದರೆ ಅದರ ಮನೆಯವರು ಬಿಚ್ಚಿದವಳಿಗೆ ಕಾಯಿ-ಖಣ ಕೊಟ್ಟು ಉಡಿ ತುಂಬಬೇಕು. ಮೋಟಾರು ಎಮ್ಮೆಯಲ್ಲವೆಂದು ವಿಕ್ರಾಂತ ಅಳುದನಿಯಲ್ಲಿ ವಾದಿಸಿದ.

"ಈಸಾಕತ್ತಿತ್ತಲ್ರಿ ಮತ್ತ!"

ಮಾವ ಹೊಳೆಯ ಕೆಳಗಿನ ಊರುಗಳಿಗೆಲ್ಲ ಫೋನು ಹಚ್ಚತೊಡಗಿದರು. ವಿಕ್ರಾಂತನಿಗೆ ಹೊಳೆಗೆ ಹಾರಿ ಕಟ್ಟೆಯನ್ನು ಹಿಡಿದು ತರಬೇಕೆನಿಸಿತು. ಆದರೆ ಬಂದರು ಕಟ್ಟುವ ಈ ಎಂಜಿನಿಯರಿಗೆ ಈಜು ಬರುತ್ತಿರಲಿಲ್ಲ.

ಸಂಜೆ ಕೆಳಗಿನ ಸದಲಗಾದಿಂದ ಫೋನು ಬಂತು. ಕಟ್ಟೆ ಕಬ್ಬಿನ ಗದ್ದೆಗೆ ಹೋಗಿ ನಿಂತಿದೆ, ಮೋಟಾರಿಗೆ ಒಂದು ಹನಿಯೂ ತಾಗಿಲ್ಲ. ವಿಕ್ರಾಂತನ ಎದೆ ಉಬ್ಬಿತು. ಮಾವ ಅವನ ಕೈಹಿಡಿದು ಅಂಗಳಕ್ಕೆ ಕರೆತಂದರು. ಊರೇ ಸೇರಿತ್ತು. ತಟ್ಟೆಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಕಂಡು, ಸನ್ಮಾನಕ್ಕೆ ಶಾಲು ಸಿಗಲಿಲ್ಲವೇನೋ ಎಂದುಕೊಂಡು ಅವನು ತಲೆ ಬಾಗಿಸಿದ.

"ಹಗ್ಗಾ ಕಟ್ಟೇ ಇಟ್ಟಿದ್ರ ಮುಳುಗತಿತ್ತು. ರಾಮವ್ವ ಬಿಚ್ಚಿದ್ದಕ್ಕ ಉಳೀತು," ಎಂದರು ಮಾವ. "ಹೆಂಗೂ ಬಗ್ಗೀರಿ, ಹಂಗ ಆಕಿ ಕಾಲ ಮುಟ್ಟಿಬಿಡ್ರಿ."

ವಿಕ್ರಾಂತ ಮುಟ್ಟಿದ. ರಾಮವ್ವ ಅವನ ತಲೆ ಸವರಿದಳು.

"ಇರಲಿ ಬಿಡಪ್ಪಾ. ಸಮುದ್ರದಾಗ ಇರಾವ್ರಿಗೆ ನೀರು ಹ್ಯಾಂಗ ತಿಳೀಬೇಕು."

ತ್ರಿಶಲಾ ಉಡಿ ತುಂಬುತ್ತಲೇ ನಕ್ಕಳು.